ಎರಡು ಎಳೆ ಕರಕಿ

ನಮ್ಮ ಮನೆಗೆ ಬಂದವರು ಮೊದಲು ನೋಡುತ್ತಿದ್ದದ್ದು ಮೀನುಗಳನ್ನು. ಅವು ಎಲ್ಲರ ಕಣ್ಣಿಗೆ ಬೀಳಲಿ ಎಂದೇ ಅಪ್ಪ ಆ ಗಾಜಿನ ತೊಟ್ಟಿಯನ್ನು ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಇರಿಸಿದ್ದ. ಶಿವಬಸವ ನಗರದ ಆ ಬಾಡಿಗೆ ಮನೆಗೆ ಇದ್ದದ್ದು ಒಂದು ಪಡಸಾಲೆ, ಒಂದು ಅಡುಗೆಮನೆ, ನಡುವೆ ಹಾಸಿಗೆ ಸುತ್ತಿಡುವ ಕತ್ತಲೆ ಕೋಣೆ. ಅಪ್ಪ ಊರ ಹೊರಗಿನ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮಾಲೀಕರು ತಮ್ಮ ಆಫೀಸು ಹೊಸದು ಮಾಡಿಸುವಾಗ ಹಳೆಯ ಅಕ್ವೇರಿಯಂ ಹೊರಗೆ ಹಾಕಿದರು. ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಟೆಂಪೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ. ನಾನು ಹುಟ್ಟಿದಾಗಲೂ ಅವನು ಅಷ್ಟು ಜೋಪಾನವಾಗಿ ಯಾರನ್ನೂ ಎತ್ತಿಕೊಂಡಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಅವಳು ತಮಾಷೆಗೆ ಹೇಳುತ್ತಿರಲಿಲ್ಲ.

ಅಪ್ಪನಿಗೆ ಬೇಕಾದದ್ದು ಚಂದ. ತಳಕ್ಕೆ ನೀಲಿ ಹರಳು, ಪ್ಲಾಸ್ಟಿಕ್ಕಿನ ಕೆಂಪು ಗಿಡ, ಬಾಯಿಂದ ಗುಳ್ಳೆ ಬಿಡುವ ಒಬ್ಬ ಬೊಂಬೆ ಮನುಷ್ಯ, ಮೇಲೊಂದು ಟ್ಯೂಬ್‌ಲೈಟು. ನಾಲ್ಕು ಗೋಲ್ಡ್ ಫಿಶ್, ಎರಡು ಏಂಜೆಲ್, ಎರಡು ಕರಿ ಮೋಲಿ. ನೆಂಟರು ಬಂದರೆ ಚಹಾ ಕೊಡುವ ಮೊದಲು ಲೈಟು ಹಾಕುತ್ತಿದ್ದ. ಅವ್ವನಿಗೆ ಬೇಕಾದದ್ದು ಸ್ವಚ್ಛ. ಬೆಳಿಗ್ಗೆ ಎದ್ದವಳೇ ಹೊಸ್ತಿಲು ತೊಳೆದು, ಹಂಡೆ ಕೊಡ ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸಿದ ನೆಲವನ್ನೇ ಇನ್ನೊಮ್ಮೆ ಒರೆಸುವಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ತಿಕ್ಕಿದ ಚರಿಗೆಯನ್ನು ನನ್ನ ಅಜ್ಜಿ ನಾಲ್ಕು ಜನರ ಎದುರು ಅಂಗಳಕ್ಕೆ ಎಸೆದಿದ್ದಳಂತೆ. ಅಜ್ಜಿ ಸತ್ತರೂ ಆ ಚರಿಗೆಯ ಸಪ್ಪಳ ಅವ್ವನ ಕಿವಿಯಿಂದ ಹೋಗಲಿಲ್ಲ. ಗಾಜಿನ ಹಿಂಬದಿಗೆ ಒಂಚೂರು ಹಸಿರು ಕಟ್ಟಿದರೂ ಅವಳಿಗೆ ಉಣ್ಣುವ ಅನ್ನ ಸೇರುತ್ತಿರಲಿಲ್ಲ.

"ಮನ್ಯಾಗ ಗಟಾರ ಇಟಗೊಂಡು ಕುಂತೀವಿ ನೋಡ. ಬಂದವರು ಏನಂದಾರು?"

"ಬಂದವರು ಮೀನ ನೋಡತಾರ, ಪಾಚಿ ನೋಡಂಗಿಲ್ಲ" ಎನ್ನುತ್ತಿದ್ದ ಅಪ್ಪ. ಆದರೆ ತೊಳೆಯಲು ಅವನು ಒಂದು ದಿನವೂ ಕೈ ಹಚ್ಚಲಿಲ್ಲ. ಮೊದಲ ವರ್ಷ ಅವ್ವ ಪ್ರತಿ ಭಾನುವಾರ ಇಡೀ ತೊಟ್ಟಿ ಬರಿದು ಮಾಡಿ, ನಾರಿನಿಂದ ತಿಕ್ಕಿ, ಹೊಸ ನೀರು ತುಂಬುತ್ತಿದ್ದಳು. ಮಂಗಳವಾರದ ಹೊತ್ತಿಗೆ ಎರಡೋ ಮೂರೋ ಮೀನು ಸತ್ತು ತೇಲುತ್ತಿದ್ದವು. ಅಪ್ಪ ಹೊಸ ಮೀನು ತರುತ್ತಿದ್ದ. ಮೀನು ಎಂದರೆ ಸಾಯುವ ಪ್ರಾಣಿ ಎಂದೇ ನಾನು ತಿಳಿದಿದ್ದೆ.

ಅದನ್ನು ನಿಲ್ಲಿಸಿದವಳು ಸುಶೀಲತ್ತಿ. ಅಪ್ಪನ ತಂಗಿ. ಅವಳನ್ನು ಖಾನಾಪುರಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಬ್ಬಳನ್ನು ತಂದುಕೊಂಡಾಗ ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು. ಆಗ ನನಗೆ ಎಂಟು ವರ್ಷ. ಬಂದ ದಿನವೇ ಪಡಸಾಲೆಯಲ್ಲಿ ನಿಂತುಕೊಂಡೇ ಅಪ್ಪನಿಗೆ ಹೇಳಿದಳು:

"ನಾ ಕುಂತು ಉಣ್ಣಾಂಗಿಲ್ಲ ಅಣ್ಣಾ. ದುಡದು ಉಣತೀನಿ. ಇರಾಕ ಒಂದು ಮೂಲಿ ಕೊಡು ಸಾಕು."

ಅಪ್ಪ ಕತ್ತಲೆ ಕೋಣೆಯನ್ನು ಕೊಟ್ಟ. ಅವ್ವ ಕೆಲಸ ಕೊಟ್ಟಳು. ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು, ನಳ ಬಂದಾಗ ನೀರು ತುಂಬುವುದು, ನನ್ನ ತಲೆ ಬಾಚುವುದು, ಎಲ್ಲದರ ಜೊತೆಗೆ ಆ ತೊಟ್ಟಿ. ತೊಟ್ಟಿಯ ಕೆಲಸವನ್ನು ಅವಳು ಒಂದು ತಿಂಗಳು ಸುಮ್ಮನೆ ನೋಡಿದಳು. ಆಮೇಲೆ ತನ್ನದೇ ಪದ್ಧತಿ ಹಾಕಿದಳು. ಸೋಮವಾರಕ್ಕೊಮ್ಮೆ ಎರಡೇ ಬಕೀಟು ಹಳೆಯ ನೀರು ತೆಗೆಯುವುದು, ಎರಡೇ ಬಕೀಟು ಹೊಸದು ಹಾಕುವುದು. ಹೊಸದು ಎಂದರೆ ನಳದಿಂದ ನೇರ ಬಂದದ್ದಲ್ಲ. ಬಚ್ಚಲ ಬದಿಗೆ ಬಾಯಿ ತೆರೆದು ಎರಡು ದಿನ ಇಟ್ಟು, ಔಷಧದ ವಾಸನೆ ಹೋದದ್ದು. ಮುಂದಿನ ಗಾಜು ಮಾತ್ರ ಒರೆಸುವುದು. ಹಿಂದಿನ ಗಾಜಿನ ಹಸಿರಿಗೆ ಕೈ ಹಚ್ಚಬಾರದು. ಹರಳು ತಿಕ್ಕಬಾರದು. ಚಿಟಿಕೆ ಕಾಳು ಮಾತ್ರ ಹಾಕುವುದು, ಅದೂ ಅವಳೇ. ಈ ಹಸಿರಿನ ಮೇಲೆ ಅವ್ವನಿಗೂ ಅವಳಿಗೂ ವಾರ ವಾರವೂ ಜಗಳ. ಅಣ್ಣನ ಹೆಂಡತಿ ಎಂದು ಅವ್ವನನ್ನು ಅವಳು ವೈನಿ ಎನ್ನುತ್ತಿದ್ದಳು.

"ವೈನಿ, ಖಾನಾಪುರದಾಗ ಹೊಳಿ ದಂಡಿಗೆ ಹತ್ತು ವರ್ಷ ಬಟ್ಟಿ ಒಗದೀನ್ರಿ. ಹೊಳ್ಯಾಗಿನ ಕಲ್ಲು ಯಾರರೆ ತಿಕ್ಕತಾರೇನ್ರಿ? ಪಾಚಿ ಇದ್ದಲ್ಲೇ ಮೀನ ಇರತಾವು."

"ಇದು ಹೊಳಿ ಅಲ್ಲ, ನನ್ನ ಮನಿ."

ಅವ್ವನ ಆ ಮಾತಿನಲ್ಲಿ 'ನನ್ನ' ಎಂಬುದು ಎಷ್ಟು ದಪ್ಪವಾಗಿ ಬರುತ್ತಿತ್ತು ಎಂದು ನನಗೆ ಈಗಲೂ ಕೇಳಿಸುತ್ತದೆ. ಅತ್ತಿ ಬಕೀಟು ಎತ್ತಿಕೊಂಡು ಒಳಗೆ ಹೋಗುವಳು. ಆದರೆ ಮೂರು ವರ್ಷ ನಮ್ಮ ಮನೆಯಲ್ಲಿ ಒಂದೇ ಒಂದು ಮೀನೂ ಸಾಯಲಿಲ್ಲ. ಗೋಲ್ಡ್ ಫಿಶ್‌ಗಳು ಅಂಗೈಯಷ್ಟಾದವು. ನೆಂಟರು ಬಂದು ಬಾಯಿ ತೆರೆದು ನೋಡುವರು. ಅಪ್ಪ ಲೈಟು ಹಾಕಿ, "ಭಾಳ ಮೇಂಟೆನನ್ಸ್ ಬೇಕ್ರಿ ಇದಕ್ಕ" ಎನ್ನುವನು. ಅತ್ತಿ ಚಹಾದ ಬಶಿ ಇಟ್ಟು ಒಳಗೆ ಹೋಗುವಳು. ಆ ಮೇಂಟೆನನ್ಸ್ ಯಾರದು ಎಂದು ಯಾರೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ನಾನೂ ಶಾಲೆಯಲ್ಲಿ "ನಮ್ಮ ಮೀನು" ಎಂದೇ ಹೇಳಿಕೊಂಡು ಮೆರೆದೆ. ಚಂದ ಕಾಣುವುದನ್ನು ನಮ್ಮದೆನ್ನುವುದು, ಅದಕ್ಕೆ ದುಡಿದವರನ್ನು ಒಳಗೆ ಇಡುವುದು: ಇದನ್ನು ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ, ಆ ಪಡಸಾಲೆಯಲ್ಲಿ ಕಲಿತೆ.

ನನಗೆ ಹನ್ನೊಂದಾದಾಗ ಖಾನಾಪುರದಿಂದ ಅತ್ತಿಯ ಮೈದುನ ಬಂದ. ಎರಡನೆಯವಳು ಎರಡು ಹೆತ್ತು, ಮೂರನೆಯದಕ್ಕೆ ಹಾಸಿಗೆ ಹಿಡಿದಿದ್ದಳು. ಎಮ್ಮೆಗಳನ್ನು ನೋಡುವವರಿಲ್ಲ, ಮಕ್ಕಳ ತಲೆಗೆ ಎಣ್ಣೆ ಹಚ್ಚುವವರಿಲ್ಲ. "ಎಷ್ಟಂದ್ರೂ ಆಕಿ ಮನಿ ಅದು, ಕಳಸಿಕೊಡ್ರಿ" ಎಂದ. ಅಪ್ಪ "ನೋಡೂಣು" ಎಂದ. ಅವ್ವ ಅವನಿಗೆ ತಿನ್ನಲು ಪೇಟೆಯಿಂದ ಸಿಹಿ ಕುಂದಾ ತರಿಸಿ ಕೊಟ್ಟಳು. ಅವ್ವ ಕುಂದಾ ತರಿಸುವುದು ಮನಸ್ಸಿಗೆ ಬಂದವರಿಗೆ ಮಾತ್ರ. ಆ ರಾತ್ರಿ ಅತ್ತಿ ನನ್ನ ಜಡೆ ಬಿಚ್ಚುತ್ತಾ ಹಣಿಗೆ ಕೆಳಗಿಟ್ಟಳು.

"ಅಲ್ಲಿಗೆ ಮಾತ್ರ ನನ್ನ ಕಳಸಬ್ಯಾಡ ಅಂತ ನಿಮ್ಮಪ್ಪಗ ಹೇಳ ಶೈಲಾ. ನಿನ್ನ ಮಾತು ಕೇಳತಾನ. ಅಲ್ಲಿ ನಾ ಮನಶ್ಯಾಳಲ್ಲ, ಕಸಬರಿಗಿ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಮರೆತೆ ಎಂದು ಬರೆಯಬಹುದು, ಆದರೆ ಮರೆತಿರಲಿಲ್ಲ. ಅಪ್ಪನಿಗೆ ಸಿಟ್ಟು ಬಂದೀತು ಎಂದು ಸುಮ್ಮನಿದ್ದೆ.

ಅದಾಗಿ ಒಂದು ವಾರಕ್ಕೆ ಸೂರ್ಯಗ್ರಹಣ. ಸಂಜೆ ಹಿಡಿಯುವುದಿತ್ತು. ಗ್ರಹಣದ ವಿಷಯದಲ್ಲಿ ಅವ್ವನ ಕಟ್ಟಳೆ ಬಿಗಿ. ಮಧ್ಯಾಹ್ನದ ಮೇಲೆ ಒಲೆ ಇಲ್ಲ, ಊಟ ಇಲ್ಲ. ಮನೆಯಲ್ಲಿ ತುಂಬಿಟ್ಟ ಪ್ರತಿ ನೀರಿಗೂ ಎರಡು ಎಳೆ ಕರಕಿ ಬೀಳಬೇಕು. ಗರಿಕೆ ಹುಲ್ಲಿಗೆ ನಮ್ಮ ಕಡೆ ಕರಕಿ ಅನ್ನುತ್ತಾರೆ. ಕರಕಿ ಬಿದ್ದ ನೀರಿಗೆ ಗ್ರಹಣ ತಾಕುವುದಿಲ್ಲ. ಬೀಳದ ನೀರು ಮೈಲಿಗೆ. ಗ್ರಹಣ ಬಿಟ್ಟ ಮೇಲೆ ಅದನ್ನು ಚೆಲ್ಲಿ, ಪಾತ್ರೆ ತಿಕ್ಕಿ, ಹೊಸದು ತುಂಬಬೇಕು. ಸುಶೀಲತ್ತಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಂದು ಸೋಮವಾರ. ಬೆಳಿಗ್ಗೆ ಎಂದಿನಂತೆ ಬಾಯಿ ತೆರೆದಿಟ್ಟಿದ್ದ ಎರಡು ಬಕೀಟು ನೀರನ್ನು ತೊಟ್ಟಿಗೆ ಹಾಕಿದಳು. ಆಮೇಲೆ ಓಣಿಯ ಖಾಲಿ ಜಾಗದಿಂದ ಒಂದು ಹಿಡಿ ಕರಕಿ ಕಿತ್ತು ತಂದು ಹಂಡೆ, ಕೊಡ, ಚರಿಗೆ, ಎಲ್ಲಕ್ಕೂ ಹಾಕಿದಳು. ಕೊನೆಗೆ ಪಡಸಾಲೆಗೆ ಬಂದು, ನನ್ನನ್ನು ಕರೆದು, ಮೀನಿನ ತೊಟ್ಟಿಗೂ ಎರಡು ಎಳೆ ಬಿಟ್ಟಳು.

"ಇಷ್ಟು ಇದ್ರ ನಿಮ್ಮವ್ವ ಈ ನೀರು ಮುಟ್ಟಂಗಿಲ್ಲ. ನೋಡಿದ್ಯಲ್ಲ?"

ನೋಡಿದ್ದೆ. ಎರಡು ಹಸಿರು ಎಳೆ ಗುಳ್ಳೆಗಳ ಮೇಲೆ ಕುಣಿಯುತ್ತಿದ್ದವು.

ಶಾಲೆ ಅಂದು ಅರ್ಧ ದಿನ. ನನ್ನ ಗೆಳತಿ ಅಶ್ವಿನಿ ಎಂದಿನಿಂದಲೋ ಮೀನು ನೋಡಬೇಕು ಎನ್ನುತ್ತಿದ್ದಳು. ವಕೀಲರ ಮಗಳು, ಮನೆಯಲ್ಲಿ ಮರಾಠಿ, ಕಾಲಿಗೆ ಬಿಳಿ ಬೂಟು. ಗ್ರಹಣ ಹಿಡಿಯುವುದರೊಳಗೆ ಅವಳನ್ನು ಮನೆ ಮುಟ್ಟಿಸುವೆನೆಂದು ಹೇಳಿ ಕರೆತಂದೆ. ಅವ್ವ ಸ್ನಾನಕ್ಕೆ ಹೋಗಿದ್ದಳು, ಅತ್ತಿ ಹಿತ್ತಿಲಲ್ಲಿದ್ದಳು. ಅಪ್ಪನ ಹಾಗೆಯೇ ನಾನು ಗತ್ತಿನಿಂದ ಲೈಟು ಹಾಕಿದೆ. ಅಶ್ವಿನಿ ಮೀನು ನೋಡಲಿಲ್ಲ. ಮೂಗು ಸುಕ್ಕಿಸಿದಳು.

"ಪಾಣ್ಯಾತ್ ಗವತ್ ಕಶಾಲಾ ಗ? ಕಸ ಬಿದ್ದೈತಿ ನೋಡ."

ನೀರೊಳಗೆ ಹುಲ್ಲು ಯಾಕೆ ಎಂದು ಅವಳು ಕೇಳಿದ್ದಕ್ಕೆ, ಗ್ರಹಣಕ್ಕೆ ಎಂದು ಹೇಳಲು ನನಗೆ ನಾಚಿಕೆಯಾಯಿತು. "ಗಾಳಿಗೆ ಬಿದ್ದಿರಬೇಕು" ಎಂದು ಕೈ ಹಾಕಿ ಎರಡೂ ಎಳೆ ತೆಗೆದು ಫ್ರಾಕಿನ ಕಿಸೆಗೆ ತುರುಕಿದೆ. ಅವಳು ಹೋದ ಮೇಲೆ ಮತ್ತೆ ಹಾಕಿದರಾಯಿತು ಎಂದುಕೊಂಡೆ. ಅವಳನ್ನು ಮನೆ ಮುಟ್ಟಿಸಿ ಬರುವಷ್ಟರಲ್ಲಿ ಬಿಸಿಲು ಮಬ್ಬಾಗಿತ್ತು. ಅವ್ವ ಬಾಗಿಲಲ್ಲೇ ನಿಂತು, ಗ್ರಹಣ ಹಿಡಿಯುವ ಹೊತ್ತಿನಲ್ಲಿ ಓಣಿ ತಿರುಗುತ್ತೀಯಾ ಎಂದು ಬೆನ್ನಿಗೆ ಎರಡು ಕೊಟ್ಟು ಕತ್ತಲೆ ಕೋಣೆಗೆ ದಬ್ಬಿದಳು. ಕರಕಿ ಕಿಸೆಯಲ್ಲೇ ಉಳಿಯಿತು.

ಗ್ರಹಣ ಬಿಟ್ಟಿತು. ಎಲ್ಲರದೂ ತಲೆಗೆ ನೀರಾಯಿತು, ಉಟ್ಟ ಬಟ್ಟೆಗಳು ಬುಟ್ಟಿಗೆ ಬಿದ್ದವು, ನನ್ನ ಫ್ರಾಕೂ ಬಿತ್ತು. ಅವ್ವ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ಕರಕಿ ನೋಡುತ್ತಾ ಬಂದಳು. ತೊಟ್ಟಿಯ ಮುಂದೆ ನಿಂತಳು.

"ಇದಕ್ಕ ಯಾಕ ಹಾಕಿಲ್ಲ?"

"ಹಾಕೀನಿ ವೈನಿ. ಇಲ್ಲೇ ಇದ್ವು" ಎಂದು ಅತ್ತಿ ಬಗ್ಗಿ ಹುಡುಕಿದಳು. ಗಿಡದ ಸಂದು, ಬೊಂಬೆಯ ಹಿಂದೆ, ಎಲ್ಲ ಕಡೆ ಕಣ್ಣಾಡಿಸಿದಳು. "ಖರೇನ ಹಾಕೀನ್ರಿ."

"ಹಾಕಿದ್ದು ಏನ ಮೀನ ನುಂಗಿದ್ವು? ಚೆಲ್ಲು. ಪೂರಾ ಚೆಲ್ಲು."

ದೇವರು ನಡೆಸಿಕೊಟ್ಟ ಹಾಗೆ ಅಂದೇ ನಳ ಬಂತು. ನಮ್ಮ ಓಣಿಗೆ ಅದು ಮೂರು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಅಂದಿನ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ ಎಷ್ಟಿತ್ತೆಂದರೆ ಮೂಗು ಉರಿಯುತ್ತಿತ್ತು. ಅತ್ತಿ ಅವ್ವನ ಕೈ ಹಿಡಿದುಕೊಂಡಳು. ಅವಳು ಅವ್ವನ ಮೈ ಮುಟ್ಟಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ಎರಡು ದಿವಸ ತಡೀರಿ ವೈನಿ. ಈ ನೀರಾಗ ಬಿಟ್ರ ಸಾಯತಾವು. ಹಂಡೇದಾಗ ಕರಕಿ ಹಾಕಿದ ನೀರು ಐತೆಲ್ಲ, ಅದರಾಗ ಒಂದು ಬಕೀಟ ಕೊಡ್ರಿ."

"ಕುಡಿಯೂ ನೀರಾಗ ಮೀನ?"

"ಹಂಗಾದ್ರ ಹಳಿ ನೀರ ಒಂದು ಬಕೀಟ ಇಟಗೊಳ್ಳಲೇನ್ರಿ? ಹಿತ್ತಲದಾಗ ಇಡತೀನಿ. ಒಳಗ ತರಂಗಿಲ್ಲ."

"ಗಿರಾಣದ ನೀರು ನನ್ನ ಮನ್ಯಾಗ ಇರಂಗಿಲ್ಲ, ಹಿತ್ತಲದಾಗೂ ಇರಂಗಿಲ್ಲ. ಹೇಳಿದಷ್ಟು ಮಾಡು."

ನಾನು ಅಲ್ಲೇ ಬಾಗಿಲ ಬದಿಗೆ ಹಸಿ ತಲೆಯಲ್ಲಿ ನಿಂತಿದ್ದೆ. ಒಂದು ಮಾತು. 'ನಾ ತಗದೆ ಅವ್ವಾ' ಅನ್ನುವಷ್ಟೇ ಮಾತು. ಬೆನ್ನಿಗೆ ಇನ್ನೆರಡು ಬೀಳುತ್ತಿದ್ದವು, ಅಷ್ಟೇ. ಅದಕ್ಕೂ ಹೆದರಿ ನಾಲಿಗೆ ನುಂಗಿಕೊಂಡೆ. ಅತ್ತಿ ಮೂರು ವರ್ಷ ಮುಟ್ಟಗೊಡದ ಹಿಂದಿನ ಗಾಜಿನ ಹಸಿರನ್ನು ತನ್ನ ಕೈಯಿಂದಲೇ ನಾರು ಹಿಡಿದು ತಿಕ್ಕಿದಳು. ಹರಳುಗಳನ್ನು ಬುಟ್ಟಿಯಲ್ಲಿ ಅಕ್ಕಿ ತೊಳೆದ ಹಾಗೆ ತೊಳೆದಳು. ಮೀನುಗಳನ್ನು ಬೋಗುಣಿಯಿಂದ ಹೊಸ ನೀರಿಗೆ ಬಿಡುವಾಗ ಒಂದೊಂದನ್ನೇ ಬೊಗಸೆಯಲ್ಲಿ ಹಿಡಿದು ಸ್ವಲ್ಪ ಹೊತ್ತು ತಡೆದಳು.

ಎಂಟು ಗಂಟೆಗೆ ಅಪ್ಪ ಬಂದ. ಚಪ್ಪಲಿ ಕಳಚುವುದನ್ನೂ ಮರೆತು ನಿಂತುಬಿಟ್ಟ. ಅಂಥ ಚಂದವನ್ನು ಆ ತೊಟ್ಟಿ ಹಿಂದೆಂದೂ ಕಂಡಿರಲಿಲ್ಲ. ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ. ನೀಲಿ ಹರಳು ಮಿಂಚುತ್ತಿತ್ತು. ಏಂಜೆಲ್‌ಗಳ ಒಂದೊಂದು ಗೆರೆಯೂ ಕಾಣುತ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದದ್ದನ್ನು ನಾವು ಖುಷಿ ಎಂದುಕೊಂಡೆವು.

"ಅಬಾಬಾ, ಏನ ಕಾಣಾಕತ್ತೈತಿ! ಹಿಂಗ ಯಾವಾಗಲೂ ಇಡಬೇಕ ನೋಡ."

"ಮನಸ್ಸು ಇದ್ರ ಇಡಬಹುದು" ಎಂದಳು ಅವ್ವ. ಅತ್ತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಬೆಳಿಗ್ಗೆ ಎಂಟೂ ಸತ್ತಿದ್ದವು. ಅಪ್ಪ ಅಂದು ಕೆಲಸಕ್ಕೆ ಹೋಗಲಿಲ್ಲ. ತೊಟ್ಟಿಯ ಮುಂದೆ ನೆಲದ ಮೇಲೆ ಕೂತುಬಿಟ್ಟ. ಹಿಂದೆ ಸತ್ತ ಮೀನುಗಳಿಗೆ ಅವನು ಹೀಗೆ ಕೂತವನಲ್ಲ. ಇವು ಅಂಗೈಯಷ್ಟಾಗಿದ್ದವು, ಹೆಸರಾಗಿದ್ದವು. ಯಾರದು ತಪ್ಪು ಎಂದು ಹುಡುಕಬೇಕಲ್ಲ. ಅವ್ವ ಹುಡುಕಿ ಇಟ್ಟಿದ್ದಳು.

"ಕರಕಿ ಹಾಕಿದ್ರ ನಾ ನೀರ ಚೆಲ್ಲಸತಿದ್ದಿಲ್ಲ. ಹಾಕೂದು ಬಿಟ್ಟು, ಹಾಕೀನಿ ಅಂತ ಮಾರಿ ಮ್ಯಾಲೆ ಸುಳ್ಳ ಬ್ಯಾರೆ ಹೇಳತಾಳ ನಿಮ್ಮ ತಂಗಿ."

ಅಪ್ಪ ಅತ್ತಿಯನ್ನು ಕರೆದ. "ಖರೇ ಹೇಳ ಸುಶೀಲಾ. ಹಾಕಿದ್ಯೋ, ಇಲ್ಲೋ?"

"ಹಾಕಿದ್ನಿ ಅಣ್ಣಾ. ಶೈಲಾ ನೋಡ್ಯಾಳ. ಕೇಳ ಆಕಿನ್ನ."

ಮೂವರೂ ನನ್ನ ಕಡೆ ತಿರುಗಿದರು. ನಾನು ತೊಟ್ಟಿಯನ್ನೇ ನೋಡುತ್ತಿದ್ದೆ. ಬೊಂಬೆ ಮನುಷ್ಯ ಗುಳ್ಳೆ ಬಿಡುತ್ತಲೇ ಇದ್ದ.

"ನಾ ನೋಡಿಲ್ಲ" ಎಂದೆ.

ಅಪ್ಪ ಎದ್ದು ನಿಂತು, "ಮಂದಿ ಮನ್ಯಾಗ ಸುಳ್ಳ ಹೇಳಿಕೊಂಡು ಇರೂದಕ್ಕಿಂತ ನಿನ್ನ ಮನಿಗೆ ನೀ ಹೋಗೂದ ಛಲೋ" ಎಂದ. ಒಡಹುಟ್ಟಿದ ತಂಗಿಗೆ ಅಣ್ಣನ ಮನೆ ಅಂದು ಮಂದಿ ಮನೆಯಾಯಿತು. ಈಗ ಯೋಚಿಸಿದರೆ ಅನ್ನಿಸುತ್ತದೆ: 'ನೋಡೂಣು' ಎಂದ ದಿನವೇ ಅವನು ಕಳಿಸಲು ತಯಾರಿದ್ದ. ಅವನಿಗೆ ಒಂದು ನೆಪ ಬೇಕಿತ್ತು. ಅದನ್ನು ತಂದುಕೊಟ್ಟವಳು ನಾನು.

ಆ ಮಧ್ಯಾಹ್ನ ಅತ್ತಿ ಗ್ರಹಣದ ಬಟ್ಟೆಗಳನ್ನು ಒಗೆದಳು. ಸಂಜೆ ಹಿತ್ತಿಲಿಗೆ ಹೋದಾಗ ನನ್ನ ಫ್ರಾಕು ತಂತಿಯ ಮೇಲಿತ್ತು. ಅದರ ಕಿಸೆಯನ್ನು ಒಳಗಿನಿಂದ ಹೊರಗೆ ಎಳೆದು ಒಣಗಲು ಬಿಟ್ಟಿದ್ದಳು. ಕಿಸೆಯಲ್ಲಿ ಏನೂ ಇರಲಿಲ್ಲ. ಕರಕಿ ಅವಳ ಕೈಗೆ ಸಿಕ್ಕಿತ್ತು. ಈಗ ಹೇಳುತ್ತಾಳೆ, ಊಟಕ್ಕೆ ಕೂತಾಗ ಹೇಳುತ್ತಾಳೆ ಎಂದು ಎರಡು ದಿನ ಕಾದೆ. ಅವಳು ಹೇಳಲಿಲ್ಲ. ಎರಡೂ ದಿನ ನನ್ನ ತಲೆ ಬಾಚಿದಳು, ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಹೇಳುವುದಿಲ್ಲವೆಂದು ಗಟ್ಟಿಯಾದ ಮೇಲೆ ನನಗೆ ಹಸಿವಾಯಿತು, ನಿದ್ದೆಯೂ ಬಂತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ಖರೆ.

ಶುಕ್ರವಾರ ಅವಳನ್ನು ಬಸ್ ಸ್ಟ್ಯಾಂಡಿಗೆ ಕರೆದೊಯ್ದೆವು. ಅದೇ ಟ್ರಂಕು. ಖಾನಾಪುರದ ಬಸ್ಸು ನಿಲ್ಲುವಲ್ಲಿ ಅದನ್ನಿಟ್ಟು, ಅಪ್ಪ ಗುರುತಿನವರ ಜೊತೆ ಚಹಾದಂಗಡಿ ಕಡೆಗೆ ಹೋದ. ಅತ್ತಿ ಟ್ರಂಕಿನ ಮೇಲೆ ಕೂತಳು, ನಾನು ಬದಿಗೆ. ಅವಳ ಮುಖ ನೋಡಲಾಗದೆ ನನ್ನ ಚಪ್ಪಲಿಯ ಉಂಗುಟವನ್ನೇ ನೋಡುತ್ತಿದ್ದೆ. ಒಂದು ಬಸ್ಸು ಬಂತು, ಕಂಡಕ್ಟರ್ ಖಾನಾಪುರ ಖಾನಾಪುರ ಎಂದು ಕೂಗಿದ.

"ಭಾಳ ಗದ್ದಲ ಐತಿ. ಮುಂದಿನದಕ್ಕ ಹೋಗತೀನಿ" ಎಂದಳು ಅತ್ತಿ. ಬಸ್ಸು ಹೋಯಿತು. ಇನ್ನೊಂದು ಬಂತು.

"ಇದೂ ಗದ್ದಲ ಐತಿ."

ಮೂರನೆಯದು ಬರುವಾಗ ಅಪ್ಪ ಬಂದು ಟ್ರಂಕು ಎತ್ತಿ ಒಳಗೆ ಹಾಕಿದ. ಅವಳು ಹತ್ತಿದಳು. ಕಿಟಕಿಯಿಂದ ಕೈ ಮಾಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಆಮೇಲೆ ಅಪ್ಪ ಮೀನು ತರಲಿಲ್ಲ. ಅವ್ವ ತೊಟ್ಟಿಯನ್ನು ಒಣಗಿಸಿ, ಒರೆಸಿ, ಅದರೊಳಗೆ ಬೇರೆಯವರ ಮದುವೆಗಳಲ್ಲಿ ಬಂದ ಸ್ಟೀಲ್ ಲೋಟ ಬಟ್ಟಲು ಜೋಡಿಸಿದಳು. ಲೈಟು ಹಾಕಿದರೆ ಫಳಫಳ ಹೊಳೆಯುತ್ತಿದ್ದವು. ಒಂದು ಕಲೆ ಇಲ್ಲ, ಒಂದು ವಾಸನೆ ಇಲ್ಲ. ಅವ್ವನಿಗೆ ಬೇಕಾದ ಮನೆ ಕೊನೆಗೂ ಸಿಕ್ಕಿತು. ಅಲ್ಲಿಂದ ನಾನು ಮದುವೆಯಾಗಿ ಹೋಗುವವರೆಗೆ ನನ್ನ ತಲೆ ನಾನೇ ಬಾಚಿಕೊಂಡೆ.

ಹನ್ನೆರಡು ವರ್ಷದ ಮೇಲೆ ಲಗ್ನಪತ್ರಿಕೆ ಹಿಡಿದು ಖಾನಾಪುರಕ್ಕೆ ಹೋದೆ. ಅಪ್ಪ ಬರಲಿಲ್ಲ, ಪೋಸ್ಟಿಗೆ ಹಾಕಿದರಾಯಿತು ಎಂದ. ಅತ್ತಿ ಹಿತ್ತಿಲಲ್ಲಿ ಸಗಣಿ ಬುಟ್ಟಿಯ ಜೊತೆ ಇದ್ದಳು. ಕೂದಲು ಪೂರ್ತಿ ಹಣ್ಣಾಗಿತ್ತು. ಒಳಗಿನಿಂದ ಯಾರೋ ಮರಾಠಿಯಲ್ಲಿ ಅವಳನ್ನು ಕೂಗುತ್ತಲೇ ಇದ್ದರು, ಅವಳು ಹೂಂಗುಡುತ್ತಲೇ ಇದ್ದಳು. ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿಯ ಒಳಗೋಡೆಗೆ ದಪ್ಪಗೆ ಹಸಿರು ಕಟ್ಟಿತ್ತು. ಅದರಲ್ಲಿ ಬೆರಳುದ್ದದ ಹೊಳೆಮೀನುಗಳು ಓಡಾಡುತ್ತಿದ್ದವು.

"ನೀವು ಬಿಟ್ಟಿರೇನು ಅತ್ತಿ?"

"ಹೂಂ. ಸೊಳ್ಳಿ ಹುಳಾ ತಿಂತಾವು. ಇಲ್ಲಿ ಯಾರೂ ತಿಕ್ಕು ಅನ್ನಾಂಗಿಲ್ಲ."

ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತು ಅರ್ಧವೇ ಬಂತು. "ಅತ್ತಿ, ಆ ಕರಕಿ..." ಎಂದೆ.

"ಗೊತ್ತೈತಿ. ನಿನ್ನ ಕಿಸೇದಾಗ ಇದ್ವು."

"ಮತ್ತ ನೀವರೆ ಯಾಕ ಹೇಳಲಿಲ್ಲ?"

ಅವಳು ಕೈ ತೊಳೆದುಕೊಂಡಳು. ಸೆರಗಿಗೆ ಒರೆಸಿಕೊಂಡು ಪತ್ರಿಕೆ ಇಸಿದುಕೊಂಡಳು. ಅರಿಶಿನ ಹಚ್ಚಿದ ಮೂಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಕ್ಷಮಿಸುತ್ತಾಳೆ ಎಂದುಕೊಂಡಿದ್ದೆ. ಅದಕ್ಕೇ ಹೋಗಿದ್ದೆ, ಪತ್ರಿಕೆ ಒಂದು ನೆಪ.

"ಸುಳ್ಳ ಹೇಳಾಕಿ ಅಂದಮ್ಯಾಲೆ ನನ್ನ ಮಾತು ಯಾರು ಕೇಳತಿದ್ರು? ನೀ ಹೇಳಬೇಕಾಗಿತ್ತು. ಕಿಸೆ ಹೊರಗ ಜಗ್ಗಿ ಒಣಗ ಹಾಕಿದ್ನಿ, ನೋಡಿದ್ಯೋ ಇಲ್ಲೋ? ಎರಡು ದಿನ ತಲಿ ಬಾಚಿದ್ನಿ, ಈಗ ಹೇಳತಿ ಈಗ ಹೇಳತಿ ಅಂತ. ಕಡಿಗೆ ಬಸ್ ಸ್ಟ್ಯಾಂಡಿನ್ಯಾಗರೆ ಹೇಳತಿ ಅಂತ ಎರಡು ಬಸ್ ಬಿಟ್ನಿ."

"ಗದ್ದಲ ಐತಿ ಅಂದಿದ್ರಿ..."

"ಎರಡೂ ಖಾಲಿ ಇದ್ವು ಶೈಲಾ" ಎಂದಳು ಅತ್ತಿ. "ನೀ ತಲಿ ಎತ್ತಿ ನೋಡಲೇ ಇಲ್ಲ."